ಅಪ್ಪನ ಬಾಂಗಿಗೆ ಉಪವಾಸ ಬಿಟ್ಟವರು

ಅಲೋರ್ ಸೆತಾರ್
8 ಮಾರ್ಚ್ 1994

ಪ್ರೀತಿಯ ತಮ್ಮ ದೆರಮಾನ್‌ಗೆ ಅಕ್ಕ ಜೈತೂನಳ ಸಲಾಮು.

ನೀನು, ಸಲ್ಮಿ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಅಡುಗೆಮನೆಯ ಕಿಟಕಿಯಲ್ಲಿ ಒಣಮೆಣಸಿನಕಾಯಿ ಡಬ್ಬಿಯ ಹಿಂದೆ ಇಟ್ಟಿದ್ದೆ. ದಿನಾ ಕಣ್ಣಿಗೆ ಬೀಳುತ್ತಿತ್ತು, ದಿನಾ ನಾಳೆ ಬರೆದರಾಯಿತು ಅಂದುಕೊಳ್ಳುತ್ತಿದ್ದೆ. ರಮ್ಜಾನಿನಲ್ಲಿ ಹೋಟೆಲು ನಡೆಸುವವಳ ಪಾಡು ನಿನಗೆ ಹೇಳಬೇಕಾಗಿಲ್ಲ. ಹಗಲೆಲ್ಲ ರುಚಿ ನೋಡದೆ ಅಡುಗೆ ಮಾಡು, ಸಂಜೆ ಎಲ್ಲರೂ ಒಟ್ಟಿಗೇ ಬಾಯಿ ತೆರೆಯುವ ಹೊತ್ತಿಗೆ ಎಲ್ಲರ ಮುಂದೂ ತಟ್ಟೆ ಇರುವ ಹಾಗೆ ನೋಡಿಕೋ. ತಡವಾದದ್ದಕ್ಕೆ ಕೋಪಿಸಿಕೊಳ್ಳಬೇಡ. ಈಗಾಗಲೇ ಕೋಪಿಸಿಕೊಂಡಿದ್ದರೆ ಹಬ್ಬದವರೆಗೆ ಇಟ್ಟುಕೊಂಡಿರು, ಆ ದಿನ ಹೇಗೂ ಎಲ್ಲರೂ ಎಲ್ಲರನ್ನೂ ಕ್ಷಮಿಸಲೇಬೇಕಲ್ಲ.

ನೀನು ಬರೆದಿದ್ದು ಒಂದೇ ವಿಷಯ. ಅಮ್ಮನನ್ನು ನಮ್ಮೂರು ತುಂಪಾಟ್‌ಗೆ ಕಳಿಸಿಬಿಡು, ಹಬ್ಬಕ್ಕೆ ಮೊದಲು ಬೆಟ್ಟದ ದಾರಿಯ ಬಸ್ಸಿನಲ್ಲಿ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಅವಳು ಇರಬೇಕಾದದ್ದು ಅಪ್ಪನ ಮನೆಯಲ್ಲಿ ಎಂದು. ನನ್ನ ಉತ್ತರವೂ ಒಂದೇ. ಕಳಿಸುವುದಿಲ್ಲ. ಅಮ್ಮ ಇಲ್ಲಿ ನನ್ನ ಹತ್ತಿರ ಸುಖವಾಗಿದ್ದಾಳೆ. ಮಗಳ ಹತ್ತಿರ ಇರುವುದಕ್ಕಿಂತ ಹೆಚ್ಚಿನದೇನನ್ನು ನೀನು ಅವಳಿಗೆ ಕೊಡಬಲ್ಲೆ, ಹೇಳು. ಮುಂದೆ ಬರೆಯುವುದನ್ನೆಲ್ಲ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದು.

ಯಾಕೆಂದರೆ ಇಷ್ಟರಲ್ಲೇ ಬೇರೆ ಯಾರಾದರೂ ನಿನ್ನ ಕಿವಿಯಲ್ಲಿ ಊದುತ್ತಾರೆ. ನಿಮ್ಮ ಕಡೆಯಿಂದ ಮೀನಿನ ಲಾರಿ ತರುವವರು ನಮ್ಮಲ್ಲೇ ಉಣ್ಣುವುದು. ಜೈತೂನಳ ಹೋಟೆಲಿನಲ್ಲಿ ಹೊತ್ತು ಮುಳುಗುವ ಮೊದಲೇ ಜನರಿಗೆಲ್ಲ ಉಪವಾಸ ಬಿಡಿಸಿದರಂತೆ, ಸತ್ತ ಮನುಷ್ಯ ಬಂದು ಬಾಂಗು ಕೊಟ್ಟನಂತೆ ಎಂದು ಅವರು ಅಲ್ಲಿ ಕಥೆ ಕಟ್ಟಿ ಹೇಳುವ ಮೊದಲು ನಿಜ ಏನೆಂದು ನಾನೇ ಬರೆಯುತ್ತೇನೆ. ಬೆಂಕಿಯ ಮೇಲೆ ಕೋಳಿ ಇದೆ. ನಡುನಡುವೆ ಎದ್ದು ಹೋಗಿ ತಿರುವಿಹಾಕಿ ಬರುತ್ತೇನೆ, ಅಕ್ಷರ ಸೊಟ್ಟಗಾದರೆ ಅದಕ್ಕೇ.

ಮೊದಲು ಅಮ್ಮನ ವಿಷಯ. ಬೆಳಗಿನ ಹೊತ್ತು ಅವಳು ಹಿಂದಿನ ಕೋಣೆಯಲ್ಲಿ ಮಲಗಿರುತ್ತಾಳೆ, ಇಲ್ಲವೇ ಅಂಗಳದಲ್ಲಿ ಕೂತು ಸೊಪ್ಪು ಬಿಡಿಸುತ್ತಾಳೆ. ಅನ್ನಕ್ಕೆ ಬಣ್ಣ ಬರಲಿಕ್ಕೆ ಶಂಖಪುಷ್ಪ ಹಿಂಡುವುದು ಈಗಲೂ ಅವಳೇ. ಅವಳು ಹಿಂಡಿದ ದಿನ ಅನ್ನದ ನೀಲಿಯೇ ಬೇರೆ, ಮುಸ್ಸಂಜೆ ಆಕಾಶದ ನೀಲಿ. ನಾಲ್ಕು ಗಂಟೆಯ ಹೊತ್ತಿಗೆ ಸ್ನಾನ ಮಾಡಿ, ಮುಖಕ್ಕೆ ಪೌಡರು ಹಚ್ಚಿ, ಮದುವೆಗಳಿಗೆ ಹೋಗುವಾಗ ಹಾಕುತ್ತಿದ್ದಳಲ್ಲ, ಆ ಹಸಿರು ಕೆಬಾಯ ಹಾಕಿಕೊಳ್ಳುತ್ತಾಳೆ. ಆಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕದ ಮೂಲೆ ಮೇಜಿನಲ್ಲಿ ಕೂರುತ್ತಾಳೆ. ಊರಿನಲ್ಲಿ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದ ಅಮ್ಮ ಇಲ್ಲಿ ಜಂಬದಿಂದ ಕುರ್ಚಿಯಲ್ಲಿ ಕೂರುತ್ತಾಳೆ. ಬಂದವರಿಗೆಲ್ಲ ತಲೆಬಾಗಿ ಸಲಾಮು ಹೇಳುತ್ತಾಳೆ. ನಾನು ತಟ್ಟೆ ತಂದಿಟ್ಟರೆ ನನಗೂ ಹೇಳುತ್ತಾಳೆ. ಪಟ್ಟಣಕ್ಕೆ ಬಂದು ಅಮ್ಮ ಬಹಳ ನಾಜೂಕು ಕಲಿತುಬಿಟ್ಟಿದ್ದಾಳೆ ಎಂದು ನಾವು ಗಂಡ ಹೆಂಡತಿ ನಗುತ್ತಿರುತ್ತೇವೆ.

ಒಂದು ವಿಷಯಕ್ಕೆ ಮಾತ್ರ ನನಗೂ ಅವಳಿಗೂ ಜಗಳವಾಗುತ್ತಿತ್ತು. ಬಾಂಗಾದ ಮೇಲೆ ಒಂದು ಗುಟುಕು ನೀರು ಕುಡಿದು ಖರ್ಜೂರ ಚೀಪುತ್ತಾಳೆ, ಅಷ್ಟೇ. ಅನ್ನ ಮುಟ್ಟುವುದಿಲ್ಲ. ಸುತ್ತಲಿನವರೆಲ್ಲ ಉಂಡು ಕೈತೊಳೆದು ಸಿಗರೇಟು ಹಚ್ಚಿದರೂ ಅವಳ ತಟ್ಟೆ ಹಾಗೇ ಇರುತ್ತದೆ. ಹಗಲಿಡೀ ಉಪವಾಸವಿದ್ದ ಮುದುಕಿ! “ಏನಮ್ಮ, ಮೀನಿನ ಬುಡು ಗೊಜ್ಜು ಸರಿಯಿಲ್ವಾ? ವಾಸನೆ ಬಂತಾ?” ಅಂದರೆ, “ಚೆನ್ನಾಗಿದೆ, ಚೆನ್ನಾಗಿದೆ. ಸ್ವಲ್ಪ ಹೊತ್ತು ಇರಲಿ” ಅನ್ನುತ್ತಿದ್ದಳು. ಸೋಬ್ರಿ ಭಾವನ ಮಾತು ನಿನಗೆ ಗೊತ್ತಲ್ಲ, ಇಲ್ಲಿಯ ಕೆದಾದ ಮಂದಿಗೆ ನಮ್ಮ ಕೆಲಾಂತಾನಿನ ಅಡುಗೆಯೆಂದರೆ ತಮಾಷೆ. “ನೀನು ಮೀನಿಗೂ ಸಕ್ಕರೆ ಸುರೀತೀಯ, ನಿಮ್ಮಮ್ಮ ಅದನ್ನ ಪಾಯಸ ಅಂದ್ಕೊಂಡು ಕೊನೆಗೆ ಇಟ್ಕೊಂಡಿದ್ದಾರೆ ಕಣೇ” ಎಂದು ಅಣಕಿಸುತ್ತಾರೆ. ನನಗೆ ನಗು ಬರುತ್ತಿರಲಿಲ್ಲ. ಅಮ್ಮನಿಗೆ ನನ್ನ ಕೈಯಡುಗೆ ಹಿಡಿಸುತ್ತಿಲ್ಲವೇನೋ ಎಂದು ಒಳಗೊಳಗೇ ಸಂಕಟವಾಗುತ್ತಿತ್ತು. ಅವಳೇ ಕಲಿಸಿದ ಅಡುಗೆ ಅಲ್ಲವೇನೋ ಅದು.

ಈಗ ಕಳೆದ ಗುರುವಾರದ ಸಂಗತಿ.

ಬಾಂಗಿಗೆ ಮೊದಲಿನ ಹೊತ್ತು ನನಗೆ ಇಡೀ ವರ್ಷದಲ್ಲೇ ಬಹಳ ಇಷ್ಟದ ಹೊತ್ತು. ನೀನು ಹೋಟೆಲಿನಲ್ಲಿ ಉಪವಾಸ ಬಿಟ್ಟವನಲ್ಲ, ನಿನಗೆ ಹೇಗೆ ಹೇಳಲಿ. ಎಲ್ಲ ಮೇಜುಗಳೂ ತುಂಬಿರುತ್ತವೆ. ಎಲ್ಲರ ಮುಂದೂ ಊಟವಿರುತ್ತದೆ. ನೀಲಿ ಅನ್ನ, ಅದರ ಪಕ್ಕದಲ್ಲಿ ಹೆಚ್ಚಿದ ಸೊಪ್ಪು, ಹುರಿದ ಕೊಬ್ಬರಿ, ಸುಟ್ಟ ಕೋಳಿಯ ಮೇಲೆ ಜಿನುಗುವ ತೆಂಗಿನಹಾಲು, ಎತ್ತರದ ಲೋಟಗಳಲ್ಲಿ ಗುಲಾಬಿ ಹಾಲು. ಮಂಜುಗಡ್ಡೆ ಕರಗಿ ಟಿಣ್ ಎನ್ನುವುದು ಸಹ ಕೇಳಿಸುತ್ತದೆ. ಯಾರೂ ಮುಟ್ಟುವುದಿಲ್ಲ. ಅಷ್ಟು ಹಸಿದ ಅಷ್ಟು ಜನ ಅಷ್ಟು ಹತ್ತಿರದ ಅನ್ನವನ್ನು ನೋಡುತ್ತ ಮಾತಿಲ್ಲದೆ ಕೂತಿರುತ್ತಾರೆ. ಮಕ್ಕಳು ಕೂಡ ಪಿಸುಗುಟ್ಟುತ್ತವೆ. ಬಡಿಸಿ ಮುಗಿಸಿದ ನಾನು ಅಡುಗೆಮನೆಯ ಪರದೆ ಹಿಡಿದು ನಿಂತಿರುತ್ತೇನೆ. ಆಗ ಕಾಲವೆಂಬುದು ಎಲ್ಲಿಯೋ ಕೆಲಸಕ್ಕೆ ಹೋಗಿದೆ, ಇನ್ನೂ ಮನೆಗೆ ಬಂದಿಲ್ಲ ಅನ್ನಿಸುತ್ತದೆ.

ಅಕ್ಕಿ ಗಿರಣಿಯ ಓಯಿ ಸಾಹುಕಾರರ ವಿಷಯ ಹಿಂದೆ ಬರೆದಿದ್ದೆನಲ್ಲ. ಅವರಿಗೆ ಉಪವಾಸವಿಲ್ಲ, ಏನಿಲ್ಲ, ಚೀನದವರು. ಆದರೂ ಅವರೂ ಬಂದು ತಟ್ಟೆ ಮುಂದಿಟ್ಟುಕೊಂಡು ಬಾಂಗಿನವರೆಗೆ ಕೈಕಟ್ಟಿ ಕೂರುತ್ತಾರೆ. ಪಕ್ಕದ ಮೇಜಿನಲ್ಲಿ ಲೆಬಾಯ್ ಸಾಆದ್, ಇಲ್ಲಿಯ ಮದರಸಾದಲ್ಲಿ ಮಕ್ಕಳಿಗೆ ಕುರಾನು ಕಲಿಸಿ ನಿವೃತ್ತರಾದವರು. ಇಬ್ಬರೂ ಒಬ್ಬರನ್ನೊಬ್ಬರು ಕೆಣಕದೆ ಅನ್ನ ಕಲಸುವವರಲ್ಲ.

ಗುರುವಾರ ಮಧ್ಯಾಹ್ನವೇ ಮೋಡ ಕವಿಯಿತು. ಗದ್ದೆಗಳ ಕಡೆಯಿಂದ ಗಾಳಿ ಎದ್ದು ಧೂಳೆಲ್ಲ ಬೀದಿಗೆ ಬಂತು. ಜನ ಬಂದು ಕೂತರು, ತಟ್ಟೆಗಳನ್ನಿಟ್ಟೆವು, ಇನ್ನೇನು ಹೊತ್ತು ಹತ್ತಿರವಾಯಿತು ಅನ್ನುವಾಗ ಕರೆಂಟು ಹೋಯಿತು. ಫ್ಯಾನು ನಿಂತಿತು, ಕಪಾಟಿನ ಮೇಲಿನ ರೇಡಿಯೋದಲ್ಲಿ ಕುರಾನು ಓದುತ್ತಿದ್ದವರ ದನಿ ಅರ್ಧಕ್ಕೇ ಹೋಯಿತು. ಹೊರಗಿನ ಕತ್ತಲೆ, ಒಳಗಿನ ಕತ್ತಲೆ ಒಂದೇ ಆಯಿತು. ಗಾಳಿ ಬೀಸುವಾಗ ದೊಡ್ಡ ಮಸೀದಿಯ ಬಾಂಗು ನಮ್ಮ ಬೀದಿಗೆ ಕೇಳಿಸುವುದಿಲ್ಲ. ಸೋಬ್ರಿ ಒಳಗಿನಿಂದ ಕೂಗಿದರು, “ಗಾಬರಿ ಆಗ್ಬೇಡಿ, ಬ್ಯಾಟರಿ ರೇಡಿಯೋ ಇದೆ, ಈಗ ಹಾಕ್ತೀನಿ, ಒಂದು ನಿಮಿಷ!” ಅವರು ಕಪಾಟಿನಲ್ಲಿ ಬ್ಯಾಟರಿ ತಡಕಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು. ನಾನು ಗುಲಾಬಿ ಹಾಲಿನ ಲೋಟಗಳಿದ್ದ ಟ್ರೇ ಹಿಡಿದು ಮೇಜುಗಳ ನಡುವೆ ನಿಂತಿದ್ದೆ.

ಆಗ ಬಾಂಗು ಕೇಳಿಸಿತು.

ಜನ ಅದನ್ನು ಬ್ಯಾಟರಿ ರೇಡಿಯೋ ಅಂದುಕೊಂಡರು. ಒಬ್ಬರು ಖರ್ಜೂರಕ್ಕೆ ಕೈ ಹಾಕಿದರು, ಎಲ್ಲರೂ ಹಾಕಿದರು. ಕತ್ತಲೆಯಲ್ಲಿ ಗಡಿಯಾರ ನೋಡುವವರು ಯಾರು? ಲೋಟಗಳು ಎದ್ದವು, ಗಂಟಲುಗಳು ಗಟಗಟ ಅಂದವು, ಹಪ್ಪಳ ಮುರಿದ ಸದ್ದು ಕೇಳಿತು. ನನಗೆ ಮಾತ್ರ ಮೊದಲ ಪದಕ್ಕೇ ಗೊತ್ತಾಯಿತು ದೆರಮಾನ್. ಅದು ಅಪ್ಪ. ಎರಡನೆಯ ಸಾಲಿನ ಕೊನೆಯನ್ನು ಹಾಗೆ ಎಳೆಯುವವರು, ಎಳೆದು ನಡುವೆ ಲವಂಗದ ಸಿಗರೇಟಿನ ಕೆಮ್ಮನ್ನು ನುಂಗಿಕೊಳ್ಳುವವರು ಲೋಕದಲ್ಲಿ ಇನ್ನೊಬ್ಬರಿಲ್ಲ. ತೀರಿಕೊಂಡು ವರ್ಷವಾದ ಅಪ್ಪ ನನ್ನ ಹೋಟೆಲಿನೊಳಗೆ ನಿಂತು ಎಲ್ಲರನ್ನೂ ಕರೆಯುತ್ತಿದ್ದರು. ನಮ್ಮೂರಿನ ಚಿಕ್ಕ ಮಸೀದಿಯ ಮರದ ಮೆಟ್ಟಿಲು, ನದಿಯ ಕಡೆಯಿಂದ ಬರುವ ಕೆಸರಿನ ವಾಸನೆ, ನೀನು ಗಾಳಿಪಟ ಸುತ್ತಿಕೊಂಡು ಓಡಿಬರುವುದು, ಎಲ್ಲ ಆ ಕತ್ತಲೆಯಲ್ಲಿ ಮೇಜುಗಳ ನಡುವೆ ಬಂದು ನಿಂತವು. ಆ ಹೊತ್ತು ಮುಗಿಯಬಾರದು ಅನ್ನಿಸಿತು. ಮುಗಿಯಿತು. ಆಮೇಲೆ ಒಂದು ಕೋಳಿ ಕೊಕ್ಕೊಕ್ಕೋ ಅಂದಿತು, ನಿನ್ನ ದನಿ ಕೇಳಿತು, “ಆಯ್ತಾ? ಟೇಪಿಗೆ ಬಂತಾ?” ಅಂತ.

ಅಷ್ಟರಲ್ಲಿ ಕರೆಂಟು ಬಂತು. ಕಪಾಟಿನ ರೇಡಿಯೋದಲ್ಲಿ ಇನ್ನೂ ಕುರಾನು ಓದುತ್ತಿದ್ದಾರೆ! ಓದು ನಿಲ್ಲಿಸಿ, ಕೆದಾ ಮತ್ತು ಸುತ್ತಲಿನ ಕಡೆಗಳಿಗೆ ಹೊತ್ತಾಗಲು ಇನ್ನೂ ಕೆಲವು ನಿಮಿಷಗಳಿವೆ ಎಂದು ಹೇಳಿದರು. ಇಡೀ ಹೋಟೆಲು ತುಂಬಿದ ಬಾಯಿ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿತು. ನಾನು ಮೂಲೆ ಮೇಜು ನೋಡಿದೆ. ಅಮ್ಮ ಚೀಲದೊಳಗಿಂದ, ಶಾಲಿನ ಕೆಳಗಿಂದ, ನೀನು ಕಳಿಸಿದ ಟೇಪ್ ರೆಕಾರ್ಡರನ್ನು ಹೊರಗೆ ತೆಗೆದು ಗುಂಡಿ ಒತ್ತಿ ನಿಲ್ಲಿಸುತ್ತಿದ್ದಳು. ಆ ಟೇಪು ಬೇಕು ಎಂದು ಅವಳು ನಿನಗೆ ಹೇಳಿ ತರಿಸಿಕೊಂಡದ್ದು ನನಗೆ ಗೊತ್ತಿತ್ತು. ಅದನ್ನು ಕೋಣೆಯಲ್ಲಿ ಕಿವಿಗಿಟ್ಟುಕೊಂಡು ಕೇಳುವುದೂ ಗೊತ್ತಿತ್ತು. ಮೇಜಿಗೆ ತರುತ್ತಾಳೆ ಎಂದು ಯಾರು ಕಂಡಿದ್ದರು?

ಲೆಬಾಯ್ ಸಾಆದ್ ಎದ್ದು ನಿಂತರು. “ಲೋಟ ಕೆಳಗಿಡಿ ಎಲ್ಲರೂ. ಬಾಯಲ್ಲಿದ್ದದ್ದು ಉಗುಳಿ. ನಿಜವಾದ ಬಾಂಗು ಆಗೋವರೆಗೆ ಯಾರೂ ಏನೂ ಮುಟ್ಟೋ ಹಾಗಿಲ್ಲ. ಗೊತ್ತಿಲ್ಲದೆ ಆಗಿದ್ದು, ಪಾಪ ಇಲ್ಲ. ಆದರೆ ಇವತ್ತಿಂದು ಲೆಕ್ಕಕ್ಕಿಲ್ಲ. ಹಬ್ಬ ಆದ ಮೇಲೆ ಒಂದು ದಿನ ಉಪವಾಸ ಮಾಡಿ ತೀರಿಸ್ಬೇಕು.”

ಯಾರೋ ಗೊಣಗಿದರು, “ಹಗಲೆಲ್ಲ ಬಿಸಿಲಲ್ಲಿ ಸಾಮಾನು ಹೊತ್ತಿದ್ದೆಲ್ಲ ಮಣ್ಣುಪಾಲು.” ಇನ್ನೊಬ್ಬರು, “ಕೆಲಾಂತಾನ್ ಮಂದಿ ಹೋಟೆಲಿಗೆ ಬಂದ್ರೆ ಹೀಗೇ. ಅಡುಗೆಯಲ್ಲಿ ಸಕ್ಕರೆ ಜಾಸ್ತಿ, ಗಡಿಯಾರದಲ್ಲಿ ನಿಮಿಷ ಕಡಿಮೆ” ಅಂದರು. ನನ್ನ ಮುಖ ಎಲ್ಲಿಡಲಿ?

ಆಗ ಓಯಿ ಸಾಹುಕಾರರು ಕೈಯೆತ್ತಿದರು. “ಲೆಬಾಯ್, ನಂದೂ ಹೋಯ್ತಾ?”

“ಮಧ್ಯಾಹ್ನ ಏನು ತಿಂದೆ ಓಯಿ?”

“ಎರಡು ಬಟ್ಟಲು ನೂಡಲ್ಸು. ಒಂದು ಸೀಯಾಳ.”

“ಹಾಗಾದ್ರೆ ನಿಂದು ಮಧ್ಯಾಹ್ನವೇ ಹೋಗಿದೆ. ತಿನ್ನು, ತಿನ್ನು.”

ಎಲ್ಲರೂ ನಕ್ಕರು. ಓಯಿ ಮಾತ್ರ ತಿನ್ನಲಿಲ್ಲ. ಚಮಚ ಕೆಳಗಿಟ್ಟು ಉಳಿದವರ ಜೊತೆ ಮತ್ತೆ ಕೈಕಟ್ಟಿ ಕೂತರು. ಅರ್ಧ ಖಾಲಿಯಾದ ತಟ್ಟೆಗಳ ಮುಂದೆ ಇಡೀ ಹೋಟೆಲು ಎರಡನೆಯ ಸಲ ಕಾದಿತು. ಆಗ ಅಮ್ಮ ಎದ್ದಳು. ಬಾಗಿಲವರೆಗೆ ಹೋಗಿ ಬೀದಿಯ ಆ ಕಡೆ ಈ ಕಡೆ ನೋಡಿದಳು. ತಿರುಗಿ ಬರುವಾಗ ಒಂದೊಂದು ಮೇಜಿನ ಹತ್ತಿರವೂ ನಿಂತು ಗಂಡಸರ ಮುಖಗಳನ್ನು ನೋಡಿದಳು. ನಾನು ಹೋಗಿ ಕೈಹಿಡಿದೆ.

“ಯಾರನ್ನಮ್ಮ ಹುಡುಕ್ತಿದ್ದೀಯ?”

“ಬಾಂಗು ಕೊಟ್ಟಾಯ್ತಲ್ಲ. ನಮಾಜು ಮುಗಿಸ್ಕೊಂಡು ಈಗ ಬರ್ತಾರೆ” ಅಂದಳು. “ಇಲ್ಲಿಯ ಮಸೀದಿಯಲ್ಲಿ ಯಾರೋ ಬೇರೆಯವರು ಬಾಂಗು ಕೊಡ್ತಾರೆ. ಅದನ್ನ ಕೇಳಿ ಅವರು ಹ್ಯಾಗೆ ಬರ್ತಾರೆ? ಅದಕ್ಕೇ ನಾನು ಅವರದ್ದನ್ನೇ ಹಾಕಿದೆ.”

ತಮ್ಮಾ, ಇಷ್ಟು ದಿನ ಅವಳು ಅನ್ನ ಮುಟ್ಟದೆ ಕೂರುತ್ತಿದ್ದದ್ದು ಯಾಕೆಂದು ಆಗ ನನಗೆ ತಿಳಿಯಿತು. ನಮ್ಮ ಬಾಲ್ಯದಲ್ಲೆಲ್ಲ ಅವಳು ಮಾಡಿದ್ದೇ ಅದಲ್ಲವೇ. ಅಪ್ಪ ಬಾಂಗು ಕೊಟ್ಟು, ಅಲ್ಲೇ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ನಮಾಜು ಮಾಡಿಸಿ, ಲಾಟೀನು ಹಿಡಿದು ಮನೆಗೆ ಬರುವವರೆಗೆ ಅಮ್ಮ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ. ನಾವು ಉಂಡು ಕೈತೊಳೆದಿರುತ್ತಿದ್ದೆವು. ಅವಳು ಎರಡು ತಟ್ಟೆ ಮುಂದಿಟ್ಟುಕೊಂಡು ಮೆಟ್ಟಿಲಲ್ಲಿ ಕೂತಿರುತ್ತಿದ್ದಳು. ಬುಡುವೂ ಸರಿಯಾಗಿತ್ತು, ಸಕ್ಕರೆಯೂ ಸರಿಯಾಗಿತ್ತು. ಅವಳು ಅಪ್ಪನನ್ನು ಕಾಯುತ್ತಿದ್ದಳು.

ಆಮೇಲೆ ದೊಡ್ಡ ಮಸೀದಿಯ ಬಾಂಗಾಯಿತು, ಜನ ತಣ್ಣಗಾದ ಊಟ ಮುಗಿಸಿದರು. ಲೆಬಾಯ್ ಸಾಆದ್ ಕೈತೊಳೆದು ಬಂದು ನನ್ನ ಹತ್ತಿರ ನಿಂತು, “ಜೈತೂನ್, ಬಾಂಗು ಕೊಟ್ಟವರು ಯಾರು? ಒಳ್ಳೇ ಗಂಟಲು” ಅಂದರು.

“ನಮ್ಮಪ್ಪ. ತೀರಿಕೊಂಡು ವರ್ಷ ಆಯ್ತು.”

ಅವರು ಅಮ್ಮನ ಕಡೆ ತಿರುಗಿದರು. “ಹಾಗಾದ್ರೆ ಬೈಯೋದು ಯಾರನ್ನ? ಒಂದು ದಿನ ತಾನೆ, ಮಾಡಿದ್ರಾಯ್ತು. ಆ ಟೇಪು ಇನ್ನೊಂದು ಸಲ ಕೇಳಿಸು ನಂಗೆ. ಊಟ ಆದ ಮೇಲೆ ಮಾತ್ರ, ಆಯ್ತಾ?” ಅಂದರು.

ರಾತ್ರಿ ಸೋಬ್ರಿಗೂ ನನಗೂ ಮಾತಾಯಿತು. “ಆ ಪೆಟ್ಟಿಗೆಯನ್ನ ಅವರ ಕೈಗೆ ಸಿಗದ ಹಾಗೆ ಎತ್ತಿಡು. ನಾಳೆಯಿಂದ ಯಾವನೂ ಈ ಕಡೆ ತಲೆ ಹಾಕಲ್ಲ, ನೋಡು” ಅಂದರು. ಅವರದ್ದೂ ತಪ್ಪಲ್ಲ. ಉಪವಾಸ ಕೆಡಿಸುವ ಹೋಟೆಲೆಂದು ಹೆಸರು ಬಂದರೆ ಈ ಊರಿನಲ್ಲಿ ಮತ್ತೆ ಒಲೆ ಹಚ್ಚುವ ಹಾಗಿಲ್ಲ. ಶುಕ್ರವಾರ ಅಕ್ಕಿ ನೆನೆಹಾಕುವಾಗ ಎಷ್ಟು ಹಾಕಲಿ ಎಂದು ಗೊತ್ತಾಗದೆ ಕೈ ತಡೆಯುತ್ತಿತ್ತು. ಸಂಜೆ ಬಹಳ ಹೊತ್ತು ಹೋಟೆಲು ಖಾಲಿಯೇ ಇತ್ತು. ಅಮ್ಮ ಮೂಲೆಯಲ್ಲಿ ಪೌಡರು ಹಚ್ಚಿಕೊಂಡು ಕೂತಿದ್ದಳು, ಸೋಬ್ರಿ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು.

ಮೊದಲು ಬಂದವರು ಓಯಿ, ಕಂಕುಳಲ್ಲಿ ದೊಡ್ಡದೊಂದು ಗೋಡೆ ಗಡಿಯಾರ. ಬ್ಯಾಟರಿಯದ್ದು. “ಹತ್ತು ಸೆನ್ ಚಿಲ್ಲರೆ ಕೊಡು ಅಕ್ಕಾ” ಅಂದರು. ಯಾಕೆ ಎಂದು ಕೇಳಿದರೆ, “ನಮ್ಮಲ್ಲಿ ಯಾರಿಗೂ ಗಡಿಯಾರ ಉಡುಗೊರೆ ಕೊಡೋ ಹಾಗಿಲ್ಲ. ಕೊಟ್ರೆ ನಿನ್ನ ಸಾವಿಗೆ ಬರ್ತೀನಿ ಅಂದ ಹಾಗೆ. ಅದಕ್ಕೇ ಮಾರ್ತಿದ್ದೀನಿ. ಬೇಗ ಕೊಡು, ಗಿರಾಕಿಗಳು ಬರ್ತಿದ್ದಾರೆ” ಅಂದರು. ನಿಜವಾಗಿಯೂ ಬರುತ್ತಿದ್ದರು. ಹಿಂದಿನ ದಿನ ಗೊಣಗಿದವರೂ ಬಂದರು, ಮಣಿಕಟ್ಟು ಎತ್ತಿ ಗಡಿಯಾರ ತೋರಿಸುತ್ತ, ನಗುತ್ತ ಬಂದರು. ಅಮ್ಮನಿಗೆ ಸಲಾಮು ಹೇಳದೆ ಯಾರೂ ಕೂರಲಿಲ್ಲ. ನಾನು ಪರದೆಯ ಹಿಂದೆ ಹೋಗಿ ಅತ್ತುಬಿಟ್ಟೆ.

ಆ ದಿನದಿಂದ ಅಮ್ಮನ ಎದುರಿಗೆ ಇನ್ನೊಂದು ತಟ್ಟೆ ಇಡುತ್ತೇನೆ. ಬಾಂಗಾಗಿ ಸ್ವಲ್ಪ ಹೊತ್ತಿಗೆ ಸೋಬ್ರಿ ಹೋಗಿ, “ಮಸೀದಿಯಲ್ಲಿ ಏನೋ ಮಾತುಕತೆ ಇದೆಯಂತೆ, ತಡ ಆಗತ್ತೆ, ನೀವು ಉಂಡ್ಬಿಡಿ ಅಂದಿದ್ದಾರೆ” ಎನ್ನುತ್ತಾರೆ. ಟೇಪು ಎತ್ತಿಡು ಎಂದ ಅದೇ ಸೋಬ್ರಿ! ಅಮ್ಮ, “ಹೌದಾ, ಹಾಗೇ ಅವರು” ಎಂದು ಉಣ್ಣುತ್ತಾಳೆ. ಚೆನ್ನಾಗಿ ಉಣ್ಣುತ್ತಾಳೆ. ಸೊಪ್ಪಿನ ಕೊನೆಯ ಎಲೆಯನ್ನೂ ಬಿಡುವುದಿಲ್ಲ. ಲೆಬಾಯ್ ಸಾಆದ್ ಊಟವಾದ ಮೇಲೆ ಅವಳ ಹತ್ತಿರ ಕುರ್ಚಿ ಎಳೆದುಕೊಂಡು ಟೇಪು ಕೇಳುತ್ತಾರೆ. ಆ ಹೊತ್ತಿಗೆ ಬೀದಿಯ ದೀಪಗಳು ಹತ್ತಿರುತ್ತವೆ, ಗಿರಾಕಿಗಳು ಎದ್ದು ಹೋಗಿರುತ್ತಾರೆ, ಅಪ್ಪನ ದನಿ ತೊಳೆದಿಟ್ಟ ಲೋಟಗಳ ನಡುವೆ ಮೆಲ್ಲಗೆ ಓಡಾಡುತ್ತಿರುತ್ತದೆ. ನನಗೆ ಇದು ನನ್ನ ಹೋಟೆಲೋ ನಮ್ಮ ಹಳೇ ಮನೆಯೋ ತಿಳಿಯದಂತಾಗುತ್ತದೆ.

ಈಗ ಹೇಳು, ಇಂಥ ಅಮ್ಮನನ್ನು ಇಲ್ಲಿಂದ ಎಬ್ಬಿಸಿ ರಾತ್ರಿಯಿಡೀ ಬೆಟ್ಟದ ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ನೀನು ಏನು ಮಾಡುತ್ತೀಯ? ಅಲ್ಲಿ ಮಸೀದಿಯಲ್ಲೂ ಈಗ ಬೇರೆ ಯಾರೋ ಬಾಂಗು ಕೊಡುತ್ತಾರೆ. ನೀನು ರೈಲ್ವೆ ಸ್ಟೇಷನ್ನಿನ ಕೆಲಸಕ್ಕೆ ಹೋದರೆ ಸಲ್ಮಿ, ಮಕ್ಕಳನ್ನು ಬಿಟ್ಟು ಅವಳ ಜೊತೆ ಮಾತಾಡುವವರಿಲ್ಲ. ಇಲ್ಲಿ ಅವಳಿಗೆ ದಿನಾ ಸಂಜೆ ಒಂದು ಊರೇ ಬಂದು ಸಲಾಮು ಹೇಳುತ್ತದೆ, ಮಗಳು ಕೈಯಾರೆ ಬಡಿಸುತ್ತಾಳೆ. ಟಿಕೆಟು ತೆಗೆದುಕೊಂಡಿದ್ದರೆ ವಾಪಸು ಕೊಟ್ಟುಬಿಡು. ಇದರ ಮೇಲೆ ಮಾತಿಲ್ಲ.

ಸಲ್ಮಿಗೆ ನನ್ನ ಪ್ರೀತಿ ಹೇಳು. ಮಕ್ಕಳಿಗೆ ಹಬ್ಬದ ಬಟ್ಟೆಯ ಪೊಟ್ಟಣವನ್ನು ಮೀನಿನ ಲಾರಿಯವರ ಕೈಲಿ ಕಳಿಸುತ್ತೇನೆ, ವಾಸನೆ ಬಂದರೆ ಎರಡು ಸಲ ಒಗೆದು ಹಾಕು. ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ, ಉಳಿದ ಉಪವಾಸಗಳನ್ನೆಲ್ಲ ಸ್ವೀಕರಿಸಲಿ, ನಿನ್ನ ಅನ್ನದಲ್ಲಿ ಬರಕತ್ತು ತುಂಬಲಿ.

ನಿನ್ನ ಅಕ್ಕ,
ಜೈತೂನ್

ಮತ್ತೆ: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಅಂಟಿಸಿರಲಿಲ್ಲ. ಮರುದಿನ ಬರೆಯುತ್ತಿದ್ದೇನೆ. ಮೇಲೆ ಬರೆದದ್ದನ್ನು ಹೊಡೆದುಹಾಕಬೇಕು ಅನ್ನಿಸಿತು, ಹಾಕಲಿಲ್ಲ.

ನಿನ್ನೆ ಸಂಜೆ ಅಮ್ಮ ಚೆನ್ನಾಗಿ ಉಂಡಳು. ಕೈತೊಳೆಸಲು ನೀರು ತೆಗೆದುಕೊಂಡು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. “ಯಜಮಾನಿಯವರೇ, ನಿಮ್ಮ ಊಟ ಬಹಳ ರುಚಿ” ಅಂದಳು. “ನಮ್ಮವರು ಇಷ್ಟು ವರ್ಷಕ್ಕೆ ನನ್ನನ್ನ ಹೋಟೆಲಿಗೆ ಕರ್ಕೊಂಡು ಬಂದಿದ್ದಾರೆ. ಅವರು ಬಂದ ಮೇಲೆ ದುಡ್ಡು ಕೊಡ್ತಾರೆ, ಚಿಂತೆ ಮಾಡ್ಬೇಡಿ. ನನ್ನ ಮಗಳೂ ಎಲ್ಲೋ ದೂರದಲ್ಲಿ ಹೋಟೆಲು ಇಟ್ಟಿದ್ದಾಳೆ, ಜೈತೂನ್ ಅಂತ. ನಿಮ್ಮ ಹಾಗೇ ದುಡೀತಾಳೆ. ನೋಡಿ ಬಹಳ ದಿನ ಆಯ್ತು.”

ದೆರಮಾನ್, ಪೌಡರು ಹಚ್ಚಿಕೊಂಡು, ಹಸಿರು ಕೆಬಾಯ ಹಾಕಿಕೊಂಡು, ಅವಳು ಇಷ್ಟು ದಿನವೂ ನನ್ನ ಗಿರಾಕಿಯಾಗಿ ಕೂತಿದ್ದಳು. ಅವಳ ಸಲಾಮು ಹೋಟೆಲಿನವಳಿಗೆ. ನಾನು ಅದನ್ನು ನಾಜೂಕು ಅಂದುಕೊಂಡು ನಗುತ್ತಿದ್ದೆ. ನಾನು ಯಾರು ಎಂದು ಹೇಳಲಿಕ್ಕೆ ಬಾಯಿ ತೆರೆದೆ. ಆದರೆ ಅವಳು ಅಷ್ಟು ಸಂತೋಷವಾಗಿದ್ದಳು, ಹೇಳಲಾಗಲಿಲ್ಲ.

ಬಸ್ಸಿನ ಟಿಕೆಟು ವಾಪಸು ಕೊಡಬೇಡ. ಬಾ. ಅವಳಿಗೆ ಆ ಮನೆ ಗುರುತು ಸಿಗಬಹುದು, ನಿನ್ನ ಗುರುತೂ ಸಿಗಬಹುದು. ಹಿಂದಿರುಗುವಾಗ ನನಗೂ ಸೇರಿಸಿ ಟಿಕೆಟು ತೆಗೆದಿಡು, ಹಬ್ಬಕ್ಕೆ ಒಲೆ ಆರಿಸುತ್ತೇನೆ. ಏಳುವಾಗ ಅವಳು ನನ್ನ ಕೆನ್ನೆ ಸವರಿ ಹೇಳಿದಳು, “ಎಷ್ಟು ಬಡವಾಗಿದ್ದೀರಿ. ಹಬ್ಬಕ್ಕಾದ್ರೂ ಅಂಗಡಿ ಮುಚ್ಚಿ ನಿಮ್ಮ ತಾಯಿಯ ಹತ್ತಿರ ಹೋಗಿ ಬನ್ನಿ. ಕಾಯ್ತಿರ್ತಾರೆ.” ಹೋಗ್ತೀನಿ ಅಂದೆ.